ಹಾಡುಸಾಲೆಯ ಆಡುಗಳು

ನನಗೊಂದು ಕಾಯಿಲೆ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ಕನಕಪುರದಲ್ಲಾಗಲಿ ರಾಮನಗರದಲ್ಲಾಗಲಿ ಔಷಧಿ ಸಿಗುವುದಿಲ್ಲ, ವಿಚಾರಿಸಿದ್ದೇನೆ. ಯಾರಾದರೂ ಮಾತಾಡುವಾಗ ಹಕಾರವನ್ನು ನುಂಗಿಬಿಟ್ಟರೆ ನನ್ನ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಗುತ್ತದೆ. ನುಂಗಿದವರು ಆರಾಮಾಗಿ ಮಾತು ಮುಂದುವರಿಸುತ್ತಾರೆ, ಕೆಮ್ಮುವವನು ನಾನು. ಮೂವತ್ತು ಚಿಲ್ಲರೆ ವರ್ಷ ಸಾತನೂರು ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಹೇಳಿದವನಿಗೆ ಇಂಥ ಕಾಯಿಲೆ ಬಂದರೆ ಅದರ ಪಾಡು ಏನೆಂದು ನೀವೇ ಊಹಿಸಿ. ನಮ್ಮ ಕಡೆ ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ನಾನು ಹುಟ್ಟಿದ ಹೊಂಗೇದೊಡ್ಡಿ ಬಸ್ಸಿನ ಕಂಡಕ್ಟರ್ ಬಾಯಲ್ಲಿ ವೊಂಗೇದೊಡ್ಡಿಯಾಗುತ್ತದೆ. ಒಮ್ಮೆ ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯೊಬ್ಬಳು 'ನೆನ್ನೆ ನಮ್ಮ ಮನೆಯಲ್ಲಿ ಅಸು ಹೋಯಿತು' ಎಂದು ಬರೆದಿದ್ದಳು. ಪ್ರಾಣ ಹೋಯಿತು ಎನ್ನುವುದಕ್ಕೆ ಇಷ್ಟು ಹಳೆಯ, ಇಷ್ಟು ಶುದ್ಧವಾದ ಪದ ಬಳಸಿದ್ದಾಳಲ್ಲ ಎಂದು ಹಿಗ್ಗಿ ಎರಡು ಅಂಕ ಹೆಚ್ಚು ಕೊಟ್ಟೆ. ಹಾಗೇ ದುಃಖ ವಿಚಾರಿಸಿ ಬರೋಣವೆಂದು ಮನೆಗೆ ಹೋದರೆ, ಹಗ್ಗ ಕಿತ್ತುಕೊಂಡು ಹೋಗಿದ್ದ ಹಸು ಸಂಜೆಗೆ ಮುಂಚೆ ವಾಪಸ್ ಬಂದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಕೊಟ್ಟ ಅಂಕ ವಾಪಸ್ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರು ಕಾಫಿ ಬೇರೆ ಕೊಟ್ಟಿದ್ದರು.

ಹಕಾರ ಕಲಿಸಲು ನಾನು ಕಂಡುಕೊಂಡಿದ್ದ ಉಪಾಯ ಬಲು ಸುಲಭದ್ದು. ಬಾಯಿಯ ಮುಂದೆ ಅಂಗೈ ಹಿಡಿದುಕೊಂಡು, ಬಿಸಿಯುಸಿರು ಕೈಗೆ ತಾಗುವ ತನಕ 'ಹ' ಅನ್ನಬೇಕು. ಇಡೀ ತರಗತಿ ಹೀಗೆ ಅಂಗೈ ಊದುತ್ತಿದ್ದಾಗ ಕಿಟಕಿಯಲ್ಲಿ ಇಣುಕಿದ ಹೆಡ್‌ಮಾಸ್ಟರು 'ಒಳಗೆ ಅಷ್ಟು ಚಳಿಯೇನ್ರಿ?' ಎಂದು ಕೇಳಿದ್ದರು. ತಪ್ಪು ಬರೆದವರ ಅಕ್ಷರಕ್ಕೆ ಕೆಂಪು ಮಸಿಯಲ್ಲಿ ಸುತ್ತು ಹಾಕಿ, ಆ ಪದವನ್ನು ಹತ್ತು ಸಲ ಬರೆಸುತ್ತಿದ್ದೆ. ಇದರ ಫಲ ಎಷ್ಟು ಚೆನ್ನಾಗಿ ಸಿಕ್ಕಿತೆಂದರೆ ಮಕ್ಕಳು ಯಾವುದಕ್ಕೂ ಇರಲಿ ಎಂದು ಕಂಡಕಂಡಲ್ಲೆಲ್ಲ ಹಕಾರ ಹಚ್ಚತೊಡಗಿದರು. 'ಹಮ್ಮ ಹೂಟಕ್ಕೆ ಹಿಟ್ಟಳು' ಎಂಬ ವಾಕ್ಯ ನನ್ನ ಸೇವಾವಧಿಯ ಸಾಧನೆಗಳಲ್ಲಿ ಒಂದು. ಮನೆಯಲ್ಲೂ ಇದೇ ಕಥೆ. ನನ್ನ ಹೆಂಡತಿ ಸರೋಜ ಚನ್ನಪಟ್ಟಣದವಳು. ಒಂದು ಕಾಲದಲ್ಲಿ ಅಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಗಾಗಿ ವೀಣೆಯವರು, ತಂಬೂರಿಯವರು ದೂರದೂರದಿಂದ ಬರುತ್ತಿದ್ದರಂತೆ. ಅವಳ ಮುತ್ತಜ್ಜ ಆ ತಂತಿ ಎಳೆಯುವ ಕೆಲಸದವರು. ತಂತಿ ಹೋಯಿತು, ಬಿಗಿ ಮಾತ್ರ ಮನೆತನದಲ್ಲಿ ಉಳಿದಿದೆ. ಮದುವೆಯಾದ ಹೊಸದರಲ್ಲಿ ನಾನು ಅವಳ ಆಲನ್ನು ಹಾಲು ಎಂದು ತಿದ್ದಿದೆ. ಅವಳು ಮಾರನೆಯ ದಿನದಿಂದ ಒಂದು ವಾರ 'ಹೂಟಕ್ಕೆ ಹೇಳಿ, ಹನ್ನ ಹಾರೋಯ್ತದೆ' ಎಂದು ಕರೆದಳು. ಅನ್ನ ಹಾರಿಹೋಗುವ ಮನೆಯಲ್ಲಿ ವ್ಯಾಕರಣ ಹೇಳಿ ಪ್ರಯೋಜನವಿಲ್ಲವೆಂದು ಅಂದಿಗೇ ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹೊಂಗೇದೊಡ್ಡಿಯ ಕೆರೆ ಏರಿಯ ಪಕ್ಕದಲ್ಲಿ ಒಂದು ಕಲ್ಲಿನ ಕಟ್ಟಡವಿದೆ. ನನ್ನ ತಾತನ ಕಾಲಕ್ಕಿಂತ ಮುಂಚೆ ತಂಬೂರಿ ತಿಮ್ಮಯ್ಯ ಎಂಬವರು ಕಟ್ಟಿಸಿದ ಸಂಗೀತ ಶಾಲೆ ಅದು. ತತ್ವಪದ, ಸೋಬಾನೆ, ತಮಟೆ, ಚಿಟ್ಟಿಮೇಳದ ವಾದ್ಯ, ತಂಬೂರಿಯ ತಂತಿ ಬಿಗಿಯುವ ಬಿರಡೆ ಕಡೆಯುವುದು, ಹೀಗೆ ಸುತ್ತಿನ ಹಳ್ಳಿಗಳಲ್ಲಿ ಯಾರಿಗೆ ಏನು ಬರುತ್ತದೋ ಅದನ್ನು ಬಾರದವರಿಗೆ ಹೇಳಿಕೊಡುವ ಜಾಗ. ದನಿ ಗುಂಯ್ ಎನ್ನಲೆಂದು ತಿಮ್ಮಯ್ಯನವರು ಗೋಡೆಯೊಳಗೆ ಅಲ್ಲಲ್ಲಿ ಮಡಕೆಗಳನ್ನು ಹುದುಗಿಸಿ, ಅವುಗಳ ಬಾಯಿ ಒಳಮುಖವಾಗಿ ಇರಿಸಿದ್ದರು. ಬಾಗಿಲ ಮೇಲೆ ಗಾರೆಯಲ್ಲಿ 'ಹಾಡುಸಾಲೆ' ಎಂದು ಬರೆದಿದೆ. ಜನ ಕರೆಯುವುದು 'ಆಡ್ಸಾಲೆ' ಎಂದು, ಅದನ್ನು ಬೇರೆ ಹೇಳಬೇಕಿಲ್ಲ. ಕೊನೆಯ ಮೇಷ್ಟ್ರು ತೀರಿಕೊಂಡ ಮೇಲೆ ಶಾಲೆ ಮುಚ್ಚಿಹೋಯಿತು. ಕಟ್ಟಡದ ಜಗುಲಿ ತಂಪಾಗಿದ್ದುದರಿಂದ ಊರ ಆಡುಕುರಿಗಳು ಮಧ್ಯಾಹ್ನ ಅಲ್ಲಿ ಮಲಗತೊಡಗಿದವು. ವರ್ಷಗಳು ಕಳೆದಂತೆ ಹೊಸ ತಲೆಮಾರಿನವರು, ಆಡು ಮಲಗುವ ಜಾಗವಾದ್ದರಿಂದ ಇದಕ್ಕೆ ಆಡ್ಸಾಲೆ ಎಂಬ ಹೆಸರು ಬಂದಿದೆ ಎಂದೇ ನಂಬಿಬಿಟ್ಟರು. ಒಂದು ಹಕಾರ ಬಿದ್ದುಹೋದರೆ ಏನೇನಾಗುತ್ತದೆ ಎಂದು ನಾನು ಜೀವಮಾನವಿಡೀ ಎಚ್ಚರಿಸಿದ್ದು ಇಂಥದ್ದಕ್ಕೇ.

ನಾನೂ ಆ ಶಾಲೆಯ ಹಳೆಯ ವಿದ್ಯಾರ್ಥಿ. ಎಲ್ಲರಿಗೂ ಹಾಗೆಂದು ಹೇಳಿಕೊಂಡು ಬಂದಿದ್ದೇನೆ. ಎಷ್ಟು ದಿನ ಕಲಿತೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಲು ಹೋಗಿಲ್ಲ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಹನ್ನೊಂದು ದಿನ. ಮೂರನೆಯ ದಿನ ಮೇಷ್ಟ್ರು ನನ್ನ ದನಿ ಕೇಳಿ, 'ನೀನು ಶ್ರುತಿಪೆಟ್ಟಿಗೆ ಒತ್ತು ಮಗ, ಅದೂ ದೊಡ್ಡ ವಿದ್ಯೆನೇ' ಎಂದರು. ಹನ್ನೊಂದನೆಯ ದಿನ ನಾನು ಒತ್ತುತ್ತಾ ಒತ್ತುತ್ತಾ ಪೆಟ್ಟಿಗೆಯ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಗಾಳಿ ಹೊರಟುಹೋದ ಪೆಟ್ಟಿಗೆ ಒಂದು ವಿಚಿತ್ರ ಸದ್ದು ಮಾಡಿತು. ಹಾಡುತ್ತಿದ್ದವರೆಲ್ಲ ನನ್ನನ್ನೇ ಅನುಮಾನದಿಂದ ನೋಡಿದರು. ಆಮೇಲೆ ನಾನು ಆ ಕಡೆ ತಲೆಹಾಕಲಿಲ್ಲ.

ಹೋದ ವರ್ಷ ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷೆ ಜಯಮ್ಮ ಆ ಕಟ್ಟಡವನ್ನು ಪಶು ಚಿಕಿತ್ಸಾ ಕೇಂದ್ರಕ್ಕೆ ಕೊಡಬೇಕೆಂದು ಸಭೆಯಲ್ಲಿ ಎತ್ತಿದಳು. ಜಯಮ್ಮ ನನ್ನ ಹಳೆಯ ವಿದ್ಯಾರ್ಥಿನಿ, ಗಟ್ಟಿಗಿತ್ತಿ. ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ. ದನಕರುವಿಗೆ ಕಾಯಿಲೆ ಬಂದರೆ ನಮ್ಮವರು ಸಾತನೂರಿಗೆ ಹೊಡೆದುಕೊಂಡು ಹೋಗಬೇಕು. ಆದರೂ ಆ ಮಡಕೆಯ ಗೋಡೆಗಳ ನಡುವೆ ಇಂಜೆಕ್ಷನ್ ಬಾಟಲಿ ಜೋಡಿಸುವುದನ್ನು ಊಹಿಸಿಕೊಳ್ಳಲಾಗದೆ ಎದ್ದುನಿಂತು, 'ಈ ಸೀಮೆಯಲ್ಲಿ ಹಳೆಯ ಹಾಡುಗಳು ಇನ್ನೂ ಸತ್ತಿಲ್ಲ. ಹಾಡುಸಾಲೆಯನ್ನು ನಾನು ಮತ್ತೆ ನಡೆಸುತ್ತೇನೆ' ಎಂದುಬಿಟ್ಟೆ. ಎದ್ದು ನಿಂತಾಗ ನನಗೆ ಇಂಥ ಮಾತುಗಳು ತಾವಾಗಿಯೇ ಬರುತ್ತವೆ. ಜಯಮ್ಮ ಅಲ್ಲೇ ಗಡುವು ಕೊಟ್ಟಳು.

"ಮೇಷ್ಟ್ರೆ, ನಿಮ್ ಮಾತ ತೆಗ್ದಾಕಕ್ಕಾಯ್ತದಾ. ಒಂದ್ ತಿಂಗ್ಳು ಟೈಮ್ ತಕ್ಕಳಿ. ರಾಮನಗರದಿಂದ ಕಲೆ ಸಂಸ್ಕೃತಿ ಮೇಡಮ್ಮೋರ್ನ ನಾನೇ ಕರುಸ್ತೀನಿ. ಅವತ್ತು ಹನ್ನೆರಡು ಜನ ಆಡೋರ್ನ ತೋರ್ಸುಬುಡಿ, ಕಟ್ಟಡ ನಿಮ್ದು. ಇಲ್ದಿದ್ರೆ ದನಿನ್ ಡಾಕುಟ್ರುದು."

ಹನ್ನೆರಡು ಜನ ಹಾಡುವವರು. ಸಭೆಯಲ್ಲಿ ಅದೇನು ಮಹಾ ಅನ್ನಿಸಿತು. ಮನೆಗೆ ಬಂದು ಹಾಳೆಯ ಮೇಲೆ ಹೆಸರು ಬರೆಯಲು ಕೂತರೆ ಒಂದು ಹೆಸರೂ ಹೊಳೆಯಲಿಲ್ಲ. ಗೊತ್ತಿದ್ದ ಹಾಡುಗಾರರೆಲ್ಲ ಫೋಟೋ ಆಗಿ ಗೋಡೆ ಸೇರಿದ್ದರು. ಮೂರು ವಾರ ಹೀಗೇ ಕಳೆದು ಮೇಡಂ ಬರುವ ಭಾನುವಾರ ಹತ್ತಿರವಾದಾಗ, ಊರೂರಿಗೆ ಮೈಕಿನಲ್ಲಿ ಸಾರಿಸುವುದೊಂದೇ ದಾರಿ ಎಂದು ಒಂದು ಪ್ರಕಟಣೆ ಬರೆದೆ. 'ನಶಿಸುತ್ತಿರುವ ಪ್ರಾಚೀನ ಗೇಯ ಪರಂಪರೆಯ ಪುನರುಜ್ಜೀವನಾರ್ಥವಾಗಿ' ಎಂದು ಅದು ಶುರುವಾಗುತ್ತಿತ್ತು. ಮೈಕ್‌ಸೆಟ್ಟಿನ ಕೆಂಪರಾಜು ಅದನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ.

"ಸಾ, ಇದ್ನ ನಾನ್ ಓದುದ್ರೆ ಯಾರೋ ದೊಡ್ಡೋರು ಸತ್ತೋಗವ್ರೆ ಅಂತ ಜನ ತಿಳ್ಕಬುಡ್ತರೆ. ಸಾರಾಂಸ ಏನು, ಅದ್ನ ಯೋಳಿ."

ಸಾರಾಂಶ ಹೇಳಿದೆ. ಜನರ ಹತ್ತಿರ ಇರುವ ಹಳೆಯ ಹಾಡುಗಳನ್ನು ತರಬೇಕು, ನಾವು ಅವನ್ನು ಸಾಯದಂತೆ ಉಳಿಸುತ್ತೇವೆ, ಅಷ್ಟೇ. "ಅಷ್ಟೇ ತಾನೆ, ಬುಡಿ ಸಾ," ಎಂದು ಅವನು ಟೆಂಪೋ ಹತ್ತಿದ. ಸಾತನೂರು, ಕಬ್ಬಾಳು ಎಲ್ಲ ಸುತ್ತಿ, ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ತನಕ ಹೋಗಿಬಂದ. ಅಷ್ಟು ದೂರ ಏಕೆ ಹೋದ ಎಂದರೆ ಅವನ ಹೆಂಡತಿಯ ತವರು ಆ ಕಡೆ. ಅವನು ಊರೂರಲ್ಲಿ ಏನು ಸಾರಿದ ಎಂಬುದನ್ನು ನಾನು ಕೇಳಿದ್ದು ಎಲ್ಲ ಮುಗಿದ ಮೇಲೆ. ಅವನು ಸಾರುತ್ತಿದ್ದಾಗ ನಾನು ಹಾಡುಸಾಲೆಯ ಒಳಗೆ ಬಾವಲಿ ಓಡಿಸುತ್ತಿದ್ದೆ. ನೀವು ನನ್ನ ಹಾಗೆ ಮೋಸಹೋಗುವುದು ಬೇಡ, ಈಗಲೇ ಹೇಳುತ್ತೇನೆ, ಕೇಳಿ.

"ಬಂದುಗಳೇ, ವೊಂಗೇದೊಡ್ಡಿ ಆಡ್ಸಾಲೆ ತಿರ್ಗಾ ಸುರುವಾಯ್ತಾ ಐತೆ. ನಿಮ್ ಮನೇಲಿರೋ ಅಳೇ ಆಡ್ಗಳ್ನ ಬರೋ ಬಾನ್ವಾರ ತಕ್ಕಬನ್ನಿ. ಆಡು ಎಷ್ಟು ಅಳೇದಾದ್ರೆ ಅಷ್ಟು ಒಳ್ಳೇದು. ಅಳೇ ಆಡು ಅಂತ ಯಾರೂವೆ ಕೇವಲವಾಗಿ ಕಾಣಬ್ಯಾಡಿ. ಅರ್ಧಂಬರ್ಧ ಆಡಿದ್ರೂ ಪರವಾಗಿಲ್ಲ, ಮಿಕ್ಕಿದ್ದ ನಮ್ ಮೇಷ್ಟ್ರು ಸೇರುಸ್ಕೋತರೆ. ಎಲ್ಲಾನೂವೆ ರೆಕಾರ್ಡ್ ಮಾಡ್ಕಂಡು, ಸಾಯ್ದಂಗೆ ಕಾಪಾಡ್ತರೆ."

ಹಕಾರವಿದ್ದಿದ್ದರೆ ಇದರಲ್ಲಿ ಒಂದೇ ಒಂದು ಮಾತೂ ತಪ್ಪಿರಲಿಲ್ಲ.

ಎರಡನೆಯ ದಿನದಿಂದ ಫೋನುಗಳು ಬರತೊಡಗಿದವು. ನನಗೆ ಸ್ವರ್ಗ ಮೂರೇ ಗೇಣು. ಮೊದಲು ಮಾಡಿದವರು ಸಾತನೂರು ಕಡೆಯ ಚೆನ್ನೇಗೌಡ ಎಂಬ ರೈತರು.

"ಸಾ, ಮೈಕಲ್ಲಿ ಯೋಳುದ್ರಲ್ಲ, ನಮ್ತವ ಒಂದ್ ಅಳೇ ಆಡೈತೆ."

ಹಳೆಯದು ಎಂದರೆ ಎಷ್ಟು ಹಳೆಯದು ಎಂದು ಕೇಳಿದೆ. ಹತ್ತು ವರ್ಷದ್ದು ಎಂದರು. ನನಗೆ ನಿರಾಸೆಯಾಯಿತು. ಹತ್ತು ವರ್ಷದ ಹಾಡು ಸಿನಿಮಾದ್ದೇ ಇರಬೇಕು. "ಹತ್ತು ವರ್ಷ ಏನು ಹಳೆಯದು ಗೌಡರೇ," ಎಂದೆ.

"ಅಯ್ಯೋ, ಅತ್ತೊರ್ಸ ಅಂದ್ರೆ ಸಾಮಾನ್ಯನ ಸಾ? ಅಲ್ಲೆಲ್ಲಾ ಉದ್ರೋಗವೆ."

ಹಲ್ಲುದುರಿರುವುದು ಹಾಡುವವರಿಗೆ ಎಂದುಕೊಂಡೆ. ಬಹುಶಃ ಇವರ ತಾಯಿಯೇ ಇರಬೇಕು, ಹತ್ತು ವರ್ಷದಿಂದ ಹಾಡುತ್ತಿರಬೇಕು. "ಹಲ್ಲಿಲ್ಲದಿದ್ದರೆ ಏನಂತೆ, ದನಿ ಹೇಗಿದೆ?"

"ದನಿಗೇನು ಸಾ, ಮೂರ್ ಬೀದಿಗ್ ಕೇಳ್ತದೆ. ಅಸಿವಾದಾಗ ಒಂಥರ, ಮರಿ ಕಾಣ್ದಿದ್ರೆ ಒಂಥರ."

ಹಸಿವಿನ ಹಾಡು, ಅಗಲಿಕೆಯ ಹಾಡು. ಮಗುವನ್ನು ಮರಿ ಎನ್ನುವ ಪ್ರೀತಿ ಬೇರೆ. ನನ್ನ ಕಣ್ಣು ತೇವವಾಯಿತು. ಡೈರಿಯಲ್ಲಿ 'ವಿರಹ, ವಾತ್ಸಲ್ಯ' ಎಂದು ಬರೆದುಕೊಂಡು ಅಡಿಗೆರೆ ಎಳೆದೆ.

"ನಡಸ್ಕಂಡ್ ಬರ್ಲಾ ಸಾ, ಆಟೋಗಾಕ್ಕಂಡ್ ಬರ್ಲಾ?"

"ವಯಸ್ಸಾದವರನ್ನು ನಡೆಸಬೇಡಿ ಗೌಡರೇ, ಆಟೋದಲ್ಲೇ ಕರೆತನ್ನಿ," ಎಂದೆ. ಅವರು, "ನೀವು ಬಾಳ ದೊಡ್ಡೋರು ಸಾ," ಎಂದರು. ಒಂದು ಆಡಿಗೆ ಇಷ್ಟು ಮರ್ಯಾದೆ ಕೊಟ್ಟು ಮಾತಾಡಿದ ಸರ್ಕಾರಿ ನೌಕರನನ್ನು ಅವರು ಅದೇ ಮೊದಲು ಕಂಡದ್ದಂತೆ.

ಸರೋಜಳಿಗೆ ಎಲ್ಲ ಗೊತ್ತಿತ್ತು. ಕೆಂಪರಾಜುವಿನ ಟೆಂಪೋ ನಮ್ಮ ಮನೆಯ ಮುಂದೆಯೇ ಕೂಗಿಕೊಂಡು ಹೋಗಿತ್ತಲ್ಲ. ಶನಿವಾರ ಬೆಳಿಗ್ಗೆ ಅವಳು, "ರೀ, ನಾಳೆಗೆ ಸೊಪ್ಪು ತರುಸ್ಲಾ?" ಎಂದು ಕೇಳಿದಳು. ಬಂದವರಿಗೆ ಮುದ್ದೆ, ಸೊಪ್ಪಿನ ಸಾರು ಮಾಡುತ್ತಾಳೆ ಎಂದುಕೊಂಡು ಧಾರಾಳವಾಗಿ ತರಿಸು ಎಂದೆ. "ಅಲಸಿನ್ ಸೊಪ್ಪಾ, ಅಗಸೇ ಸೊಪ್ಪಾ?" ಎಂದಳು. ಹಲಸಿನ ಸೊಪ್ಪಿನ ಸಾರು ನಾನು ಉಂಡಿರಲಿಲ್ಲ. ಆದರೂ ಚನ್ನಪಟ್ಟಣದವರ ಅಡಿಗೆಯಲ್ಲಿ ತಲೆಹಾಕಬಾರದೆಂದು ಸುಮ್ಮನಿದ್ದೆ. "ಅದ್ನೆಂಟು ಬತ್ತವಂತೆ," ಎಂದಳು. ಇಲ್ಲಿ ಮಾತ್ರ ನನಗೆ ಸಹಿಸಲಾಗಲಿಲ್ಲ. "ಬರ್ತಾವೆ ಅಲ್ಲ, ಬರ್ತಾರೆ ಅನ್ನು. ಕಲಾವಿದರಿಗೆ ನಪುಂಸಕಲಿಂಗ ಬಳಸಬಾರದು," ಎಂದು ತಿದ್ದಿದೆ. ಅವಳು ನನ್ನ ಮುಖವನ್ನೇ ನೋಡಿ "ಹೂಂ" ಎಂದಳು. ಆ ಹೂಂನಲ್ಲಿ ಹಕಾರ ಬಹಳ ಸ್ಪಷ್ಟವಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು.

ಭಾನುವಾರ ಒಂಬತ್ತು ಗಂಟೆಗೆ ಜುಬ್ಬಾ ತೊಟ್ಟು ಹಾಡುಸಾಲೆಯ ಬಾಗಿಲಲ್ಲಿ ನಿಂತೆ. ಒಳಗೆ ಜಮಖಾನ ಹಾಸಿತ್ತು. ತಿಮ್ಮಯ್ಯನವರ ತಂಬೂರಿಗೆ ಚೆಂಡುಹೂವಿನ ಹಾರ ಹಾಕಿ ಮೂಲೆಯಲ್ಲಿ ಇರಿಸಿದ್ದೆ. ಮೊದಲ ಆಟೋ ಬಂದು ನಿಂತಿತು. ಚೆನ್ನೇಗೌಡರು ಇಳಿದರು. ನಾನು ಕೈಮುಗಿದು, ಅವರ ಬೆನ್ನ ಹಿಂದೆ ನೋಡಿ, "ಎಲ್ಲಿ ತಾಯಿಯವರು?" ಎಂದೆ.

"ನಮ್ಮವ್ವ ಸತ್ತು ನಾಕೊರ್ಸಾಯ್ತು ಸಾ," ಎಂದರು ಗೌಡರು.

"ಮತ್ತೆ ಹಲ್ಲುದುರಿದವರು?"

ಗೌಡರು ಆಟೋದೊಳಗೆ ಕೈಹಾಕಿ, ಕಪ್ಪು ಬಣ್ಣದ ಒಂದು ಗಡ್ಡದ ಆಡನ್ನು ಇಳಿಸಿ, ಅದರ ಕೆಳತುಟಿ ಎಳೆದು ನನಗೆ ತೋರಿಸಿದರು. ಅವರು ಹೇಳಿದ್ದು ನಿಜ, ಮುಂದಿನ ಹಲ್ಲುಗಳು ಇರಲಿಲ್ಲ. ನಾನು ಏನಾದರೂ ಹೇಳುವಷ್ಟರಲ್ಲಿ ಇನ್ನೊಂದು ಆಟೋ ಬಂತು. ಅದರ ಹಿಂದೆ ಒಂದು ಗೂಡ್ಸ್ ಗಾಡಿ. ಕೆರೆ ಏರಿಯ ಮೇಲೆ ನಾಲ್ಕೈದು ಜನ ನಡೆಸಿಕೊಂಡೇ ಬರುತ್ತಿದ್ದರು. ಸರೋಜ ಲೆಕ್ಕ ಹೇಳಿದ್ದಂತೆ ಸರಿಯಾಗಿ ಹದಿನೆಂಟು ಇದ್ದವು. ಕುಂಟುವುದು, ಒಂದು ಕೊಂಬಿನದು, ಕೆಮ್ಮುವುದು, ಕಣ್ಣಿಗೆ ಪೊರೆ ಬಂದದ್ದು. ಅರ್ಧಂಬರ್ಧ ಇದ್ದರೂ ಪರವಾಗಿಲ್ಲ ಎಂದು ಸಾರಿದ್ದನ್ನು ಜನ ಮನಸ್ಸಿಗೆ ತೆಗೆದುಕೊಂಡಿದ್ದರು. ಅವು ನಮ್ಮೂರ ಆಡುಗಳ ಬಹಳ ವರ್ಷದ ರೂಢಿ ತಮಗೂ ಗೊತ್ತಿರುವಂತೆ ನೇರವಾಗಿ ಜಗುಲಿ ಹತ್ತಿ, ಬಾಗಿಲು ತೆರೆದಿರುವುದನ್ನು ಕಂಡು ಸಂತೋಷದಿಂದ ಒಳಗೆ ನುಗ್ಗಿದವು. ಗೌಡರ ಹಲ್ಲಿಲ್ಲದ ಆಡು ತಂಬೂರಿಯ ಹಾರವನ್ನು ಒಸಡಿನಲ್ಲೇ ಮುಗಿಸಿತು. ಸರೋಜ ಹಿಂದಿನ ಬಾಗಿಲಿನಿಂದ ಹಲಸಿನ ಸೊಪ್ಪಿನ ಹೊರೆ ಹೊತ್ತು ತಂದು ಜಮಖಾನದ ಮೇಲೆ ಸುರಿದಳು. ನನ್ನ ಕಡೆ ತಿರುಗಿ, "ಕಲಾವಿದರು ಬಂದವ್ರೆ," ಎಂದಳು.

ಆ ಹೊತ್ತಿಗೆ ಜೀಪು ಬಂತು. ಅದರಿಂದ ಜಯಮ್ಮ ಮತ್ತು ರಾಮನಗರದ ಅಧಿಕಾರಿ ಮೇಡಂ ಇಳಿದರು. ಮೇಡಂ ಒಳ್ಳೆಯವರು. ಬಾಗಿಲಲ್ಲಿ ನಿಂತು ಒಳಗೆ ನೋಡಿ, ಸ್ವಲ್ಪವೂ ನಗದೆ, "ಸರ್, ಹಾಡುವವರು ಇನ್ನೂ ಬರಬೇಕಾ?" ಎಂದು ಕೇಳಿದರು. ಅವರ 'ಹಾಡುವವರು' ಎಂಬ ಮಾತಿನಲ್ಲಿ ಹಕಾರ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ಅಳು ಬಂತು. ಜಯಮ್ಮ ಆಡುಗಳನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿದಳು.

"ಮೇಷ್ಟ್ರೆ, ದನಿನ್ ಆಸ್ಪತ್ರೆ ಬ್ಯಾಡ ಅಂತ ನೀವೇ ಅಂದ್ರಿ. ಈಗ ರೋಗಿಗಳ್ನೆಲ್ಲ ನೀವೇ ಕರ್ಸಿದ್ದೀರಿ."

ನಾನು ಜಗುಲಿಯ ಕಂಬಕ್ಕೆ ಒರಗಿದೆ. ಹಾಡುಸಾಲೆ ಕೈಬಿಟ್ಟುಹೋಯಿತೆಂದು ಗೊತ್ತಾಯಿತು. ನಾಚಿಕೆಗಿಂತ ದುಃಖವೇ ಹೆಚ್ಚಾಯಿತು. ಶ್ರುತಿಪೆಟ್ಟಿಗೆಯ ಮೇಲೆ ನಿದ್ದೆ ಹೋದವನು ಈ ಕೆಲಸಕ್ಕೆ ಕೈಹಾಕಲೇಬಾರದಿತ್ತು.

ಅಷ್ಟರಲ್ಲಿ ಒಳಗೆ ಒಂದು ಮರಿ ಕಿರುಚತೊಡಗಿತು. ಕಬ್ಬಾಳು ಕಡೆಯಿಂದ ಚಿಕ್ಕತಾಯಮ್ಮ ಎಂಬ ಅಜ್ಜಿ ಬಂದಿದ್ದರು. ಅವರದು ಹಳೆಯ ಆಡಲ್ಲ, ಈಚೆಗೆ ಈದದ್ದು. ಮರಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಆಡ್ಸಾಲೆ ಎಂದ ಮೇಲೆ ಡಾಕ್ಟರು ಇದ್ದೇ ಇರುತ್ತಾರೆ ಎಂದು ತಾಯಿ ಮರಿ ಎರಡನ್ನೂ ತಂದಿದ್ದರು. ಆ ಗಲಾಟೆಯಲ್ಲಿ ಮರಿ ಮೊಲೆಗೆ ಬಾಯಿ ಹಾಕಲು ಹೋದಾಗಲೆಲ್ಲ ತಾಯಿ ಝಾಡಿಸಿ ಒದೆಯುತ್ತಿತ್ತು. ಅಜ್ಜಿ ಜಮಖಾನದ ಮೇಲೆ ಕಾಲುಚಾಚಿ ಕೂತರು. ಆಡಿನ ಬೆನ್ನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಮರಿಯನ್ನು ಅದರ ಮೂಗಿನ ಹತ್ತಿರ ಹಿಡಿದು, ಯಾರ ಪರಿವೆಯೂ ಇಲ್ಲದೆ ಶುರುಮಾಡಿದರು.

ಕೂಸ ಒದಿಬ್ಯಾಡ ಕೊಂಬಿನ ತಾಯಿ
ಮೂಸಿ ನೋಡವ್ವ ಮರಿಯ ಬಾಯಿ
ಬೆಟ್ಟದ ಸೊಪ್ಪ ನಾ ಕಟ್ಟಿ ತತ್ತೀನಿ
ಪುಟ್ಟನ ಬಾಯಿಗೆ ಆಲ ಬುಡು ತಾಯಿ

ದನಿ ನಡುಗುತ್ತಿತ್ತು, ಆದರೆ ಶ್ರುತಿ ಅಲುಗಲಿಲ್ಲ. ಎರಡನೆಯ ಸಾಲಿಗೆ ಚೆನ್ನೇಗೌಡರು ಸೇರಿಕೊಂಡರು. ಮೂರನೆಯದಕ್ಕೆ ಗುಡೇಮಾರನಹಳ್ಳಿಯಿಂದ ಬಂದಿದ್ದ ಇಬ್ಬರು ಹೆಂಗಸರು. ಆಮೇಲೆ ಆಡು ಹಿಡಿದುಕೊಂಡು ನಿಂತಿದ್ದ ಉಳಿದವರೂ ಸೇರಿ ಒಟ್ಟು ಹನ್ನೊಂದು ಜನ. ಆಡು ಸಾಕಿದ ಮನೆಗಳಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಪದ. ಒಬ್ಬೊಬ್ಬರ ಊರಲ್ಲಿ ಒಂದೊಂದು ಸಾಲು ಬೇರೆ ಇತ್ತು, ಅದನ್ನು ಅವರವರು ಬಿಡದೆ ಸೇರಿಸಿದರು. ತಿಮ್ಮಯ್ಯನವರ ಮಡಕೆಗಳು ಎಷ್ಟೋ ವರ್ಷದ ಮೇಲೆ ಗುಂಯ್ ಎಂದವು. ಒಂದು ಮಡಕೆಯಿಂದ ಗುಬ್ಬಚ್ಚಿ ಗಾಬರಿಯಾಗಿ ಹೊರಗೆ ಹಾರಿತು. ಆಡು ಕಿವಿ ನಿಮಿರಿಸಿ, ಮರಿಯನ್ನು ಮೂಸಿ, ಕಾಲು ಅಗಲಿಸಿ ನಿಂತುಕೊಂಡಿತು. ಮರಿ ಬಾಲ ಅಲ್ಲಾಡಿಸುತ್ತಾ ಕುಡಿಯತೊಡಗಿತು.

ನನಗೆ ನಮ್ಮಜ್ಜಿ ನೆನಪಾದಳು. ಅವಳೂ ನಾಲ್ಕು ಆಡು ಸಾಕಿದ್ದಳು, ಅವಳೂ ಇದನ್ನೇ ಹೇಳುತ್ತಿದ್ದಳು. ಕಡೆಯ ಸಾಲಿನಲ್ಲಿ ಅವಳು 'ಆಲ' ಎಂದಾಗ ಹೈಸ್ಕೂಲು ಓದುತ್ತಿದ್ದ ನಾನು 'ಹಾಲ ಅನ್ನಜ್ಜಿ' ಎಂದು ತಿದ್ದಿದ್ದೆ. ಅವಳು ಆಮೇಲೆ ನನ್ನ ಮುಂದೆ ಹಾಡುವುದನ್ನೇ ನಿಲ್ಲಿಸಿದಳು. ಅದು ಇಷ್ಟು ವರ್ಷ ನನಗೆ ಮರೆತೇಹೋಗಿತ್ತು. ಅಲ್ಲಿ ನಿಂತಿದ್ದಾಗ ಬಹಳ ಬೇಜಾರಾಯಿತು, ಅದನ್ನು ಹೇಳಿಕೊಳ್ಳಲು ಅವಳಿಲ್ಲ.

ಮೇಡಂ ಮೊಬೈಲು ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಅಜ್ಜಿಯ ಪಕ್ಕದಲ್ಲಿ ಕೂತು, "ಎಷ್ಟು ಚೆಂದದ ಹಾಡು ಅಜ್ಜಿ," ಎಂದರು. ಅಜ್ಜಿಗೆ ಆಶ್ಚರ್ಯವಾಯಿತು.

"ಇದು ಆಡಲ್ಲ ಕಣವ್ವ. ಆಡ್ಗೆ ಆಡೋ ಮಾತು."

ಒಂದೇ ಉಸಿರಿನಲ್ಲಿ ಮೂರು ಆಡು. ಯಾವುದಕ್ಕೆ ಹಕಾರ ಬೇಕು, ಯಾವುದಕ್ಕೆ ಬೇಡ ಎಂದು ನಾನು ಮನಸ್ಸಿನಲ್ಲಿ ಬಿಡಿಸಿಕೊಳ್ಳುವ ಹೊತ್ತಿಗೆ ಅಲ್ಲಿದ್ದವರಿಗೆಲ್ಲ ಅರ್ಥವಾಗಿ ಮುಂದಿನ ಮಾತು ನಡೆದಿತ್ತು.

ಹನ್ನೊಂದು ಜನ ಹಾಡಿದ್ದರು, ಬೇಕಾದ್ದು ಹನ್ನೆರಡು. ಜಯಮ್ಮ ನನ್ನ ಹೆಸರನ್ನು ಹನ್ನೆರಡನೆಯದಾಗಿ ಬರೆಸಿದಳು. "ನೀವೂ ಅಳೇ ವಿದ್ಯಾರ್ತಿ ಅಲ್ವಾ ಮೇಷ್ಟ್ರೆ, ಒಂದ್ಸಲ ಆಡ್ಬುಡಿ, ಮೇಡಮ್ಮೋರು ಕೇಳ್ಲಿ," ಎಂದಳು. ನಾನು ಅಜ್ಜಿಯ ಹಾಗೆಯೇ ಕಾಲು ಚಾಚಿ ಕೂತು, ಅಂಗೈಗೆ ಉಸಿರು ತಾಗುವಷ್ಟು ಶುದ್ಧವಾಗಿ, 'ಪುಟ್ಟನ ಬಾಯಿಗೆ ಹಾಲ ಬಿಡು ತಾಯಿ' ಎಂದು ಎತ್ತಿದೆ. ಆಡು ತಲೆಯೆತ್ತಿ ನನ್ನನ್ನು ನೋಡಿತು. ಆಮೇಲೆ ಮರಿ ಎರಡು ಮಾರು ದೂರ ಹೋಗಿ ಬೀಳುವ ಹಾಗೆ ಒದೆಯಿತು. ಅಜ್ಜಿ ಮರಿಯನ್ನು ಎತ್ತಿಕೊಂಡು, "ಮೇಷ್ಟ್ರೆ, ನೀವ್ ಒಸಿ ಸುಮ್ಕಿರಿ," ಎಂದರು. ಮೇಡಂ ಬಹಳ ಒಳ್ಳೆಯವರು ಎಂದು ಆಗಲೇ ಹೇಳಿದೆನಲ್ಲ, ನನ್ನ ಹೆಸರಿನ ಮುಂದೆ 'ವ್ಯವಸ್ಥಾಪಕರು' ಎಂದು ಬರೆದುಕೊಂಡು ಹನ್ನೆರಡಾಯಿತು ಎಂದರು.

ಕೊನೆಗೆ ಜಯಮ್ಮ ನ್ಯಾಯವಾಗಿಯೇ ತೀರ್ಮಾನ ಮಾಡಿದಳು. ಹಜಾರ ಹಾಡಿಗೇ ಇರಲಿ, ಪ್ರತಿ ಭಾನುವಾರ ಚಿಕ್ಕತಾಯಮ್ಮಜ್ಜಿ ಮತ್ತು ಉಳಿದವರು ಬಂದು ಕಲಿಸಲಿ. ಬುಧವಾರ ದನದ ಡಾಕ್ಟರು ಬಂದು ಹಿಂದಿನ ಜಗುಲಿಯಲ್ಲಿ ಕೂರಲಿ. ಅವಳದು ಒಂದೇ ಷರತ್ತು, ಮುಂದಿನ ಕಂಬಗಳಿಗೆ ಯಾರೂ ಆಡು ಕಟ್ಟಬಾರದು, ಅದಕ್ಕೊಂದು ಬೋರ್ಡು ಹಾಕಿಸುವುದು ನನ್ನ ಜವಾಬ್ದಾರಿ.

ಕನಕಪುರದ ಪೇಂಟರಿಗೆ ಫೋನಿನಲ್ಲಿ ಹೇಳಿದೆ. ಸಂಜೆಗೆ ಅವನು ಬರೆದ ಬೋರ್ಡಿನ ಚಿತ್ರ ವಾಟ್ಸಾಪಿನಲ್ಲಿ ಕಳಿಸಿದ. ದೊಡ್ಡ ಅಕ್ಷರದಲ್ಲಿ 'ಇಲ್ಲಿ ಆಡು ಕಟ್ಟಬಾರದು' ಎಂದಿತ್ತು, ಕೆಳಗೆ 'ಹಾಡುಸಾಲೆ'. ನೋಡಿದ ತಕ್ಷಣ ನನ್ನ ಗಂಟಲಲ್ಲಿ ಮುಳ್ಳು ಸಿಕ್ಕಿತು. ಯೋಚಿಸಲಿಲ್ಲ. ಮೂವತ್ತು ವರ್ಷದ ಕೈ ತಾನೇ ಟೈಪ್ ಮಾಡಿತು, 'ಹಕಾರ ಬಿಟ್ಟುಹೋಗಿದೆ. ಕೂಡಲೇ ತಿದ್ದಿ.' ಪೇಂಟರು ಫೋನ್ ಮಾಡಿ, "ಸಾ, ಆಡು ಸರಿಯಾಗೇ ಐತಲ್ಲ?" ಎಂದ. ನಿನ್ನಂಥವರಿಂದಲೇ ಕನ್ನಡ ಹಾಳಾಗುತ್ತಿರುವುದು ಎಂದು ಅವನಿಗೆ ಚೆನ್ನಾಗಿ ಬೈದೆ. ಪಾಪ, ತಿದ್ದಿದ.

ಬುಧವಾರ ಹೋಗಿ ನೋಡಿದರೆ ಮುಂದಿನ ಕಂಬಗಳಿಗೆಲ್ಲ ಆಡು ಕಟ್ಟಿತ್ತು. ಚೆನ್ನೇಗೌಡರನ್ನು ತರಾಟೆಗೆ ತೆಗೆದುಕೊಂಡೆ. "ಬೋರ್ಡು ಓದಕ್ಕೆ ಬರಲ್ವಾ ಗೌಡರೇ?" ಎಂದೆ.

"ಓದ್ಕಂಡೇ ಕಟ್ಟುದ್ದು ಸಾ," ಎಂದರು ಅವರು. "ಪದ ಕಟ್ಬ್ಯಾಡಿ ಅಂತ ಐತೆ, ನಾವ್ಯಾರೂ ಕಟ್ಲಿಲ್ಲ. ಅಜ್ಜಿಗೂ ಯೋಳಿವ್ನಿ, ಅಳೇವು ಯೋಳ್ಕೊಡು ಸಾಕು, ಒಸ್ದು ಏನೂ ಕಟ್ಬ್ಯಾಡ ಅಂತ."

ತಲೆಯೆತ್ತಿ ಬೋರ್ಡು ಓದಿದೆ. 'ಇಲ್ಲಿ ಹಾಡು ಕಟ್ಟಬಾರದು. ಹಾಡುಸಾಲೆ.' ಅಷ್ಟರಲ್ಲಿ ಜಯಮ್ಮ ಬಂದಳು. ಅವಳೂ ಓದಿದಳು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ಸ್ಟೂಲು ಹತ್ತಿ, ಹಾ ಎಂಬ ಅಕ್ಷರಕ್ಕೆ ದುಂಡಗೆ ಒಂದು ಸುತ್ತು ಹಾಕಿದಳು. ಇಳಿದು ಬಂದು, "ಮೇಷ್ಟ್ರೆ, ಅತ್ತು ಸಲನೋ, ಇಪ್ಪತ್ತು ಸಲನೋ?" ಎಂದು ಕೇಳಿದಳು.

ಹತ್ತು ಸಲ ಎಂದೆ. ಮನೆಗೆ ಬಂದು ನಿಜವಾಗಿಯೂ ಬರೆದೆ. ಆಡು, ಆಡು, ಆಡು. ಆರನೆಯದರ ಹೊತ್ತಿಗೆ ಅಕ್ಷರ ದುಂಡಗಾಗತೊಡಗಿತು.

ಹಾಡುಸಾಲೆಯ ಕಂಬಕ್ಕೆ ಈಗ ಬೇರೆ ಬೋರ್ಡು ಬಂದಿದೆ, ಪೇಂಟರನ್ನು ಕ್ಷಮೆ ಕೇಳಿ ಬರೆಸಿದ್ದು. ಹಳೆಯದನ್ನು ಎಸೆಯುವುದೇಕೆಂದು ಸರೋಜ ಮನೆಗೆ ತಂದಳು. ನಾನು ಪ್ರತಿದಿನ ಬೆಳಿಗ್ಗೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಅಜ್ಜಿಯ ಪದ ಕಲಿಯುವ ಕೋಣೆಯ ಬಾಗಿಲಿಗೆ ತಾನೇ ಮೊಳೆ ಹೊಡೆದು ಅದನ್ನು ನೇತುಹಾಕಿದ್ದಾಳೆ. ನಾನು ಕನ್ನಡಕ ಹಾಕಿಕೊಂಡು ಎಷ್ಟು ಸಲ ಓದಿ ನೋಡಿದರೂ ಈಗ ಅದರಲ್ಲಿ ಒಂದೇ ಒಂದು ಕಾಗುಣಿತದ ತಪ್ಪೂ ಕಾಣುವುದಿಲ್ಲ.